ಕೊಕ್ಕರೆಗಳಿಗೆ ಬೇಕಾದ ಕಾಲ್ಗುಣ

ಬರ್ನಡೆಟ್ ಕ್ವಿಲ್ ತನ್ನ ಕೈಯಾರೆ ಮಾಡಿದ ಪೀಚ್ ಪೈ ಹಿಡಿದುಕೊಂಡು ಎದುರುಮನೆಯ ಎಲ್ಮರ್ ಪ್ರೋಕಪ್‌ನ ಬಾಗಿಲು ತಟ್ಟಿದಳೆಂದರೆ, ಆ ಭಾನುವಾರ ಯಾರದೋ ಗ್ರಹಚಾರ ನೆಟ್ಟಗಿಲ್ಲವೆಂದೇ ಅರ್ಥ. ಇಷ್ಟು ವರ್ಷವೂ ಆಕೆ ಆ ಬಾಗಿಲು ತಟ್ಟಿದ್ದು ಒಂದೇ ಮಾತು ಹೇಳುವುದಕ್ಕೆ: "ಎಲ್ಮರ್, ಆಟ ಶುರುವಾಗ್ತಿದೆ, ಪರದೆ ಎಳ್ಕೋ."

ಎಲ್ಮರ್ ಶಾಲಾ ಬಸ್ಸಿನ ಚಾಲಕ. ಇರುವೆ ಕಂಡರೂ ಸುತ್ತಿಕೊಂಡು ಹೋಗುವ ಪ್ರಾಣಿ. ಆದರೂ ಅಮೆರಿಕದ ಈರೀ ಸರೋವರದ ದಡದ ಪೋರ್ಟ್ ಹ್ಯಾನ್ಲಿಯಲ್ಲಿ ಜನ ಅವನಿಗೆ ಹೆದರಿದಷ್ಟು ಚಳಿಗಾಲದ ಗಾಳಿಗೂ ಹೆದರುತ್ತಿರಲಿಲ್ಲ. ಕಾರಣ ಅವನ ಕಾಲ್ಗುಣ. ಊರಿನ ಬೇಸ್‌ಬಾಲ್ ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಎಲ್ಮರ್ ಮೈದಾನಕ್ಕೆ ಹೋಗಿ ನೋಡಿದ ಒಂದೇ ಒಂದು ಆಟವನ್ನೂ ಕೊಕ್ಕರೆಗಳು ಗೆದ್ದದ್ದಿಲ್ಲ. ಟಿವಿಯಲ್ಲಿ ನೋಡಿದರೂ ಅಷ್ಟೆ. ಒಮ್ಮೆ ಮೈದಾನದ ಹೆಬ್ಬಾಗಿಲಲ್ಲಿ ಕಡಲೆಕಾಯಿ ಕೊಳ್ಳಲು ನಿಂತಿದ್ದಕ್ಕೇ ಆರು ರನ್ನಿನ ಮುನ್ನಡೆ ಬಿಸಿಲಿಗಿಟ್ಟ ಬೆಣ್ಣೆಯಾಯಿತು. ಅಂದಿನಿಂದ ಬೀದಿಯವರೆಲ್ಲ ಸೇರಿ ಅವನಿಗೆ ಆಟ ನೋಡದಂತೆ ಬಹಿಷ್ಕಾರ ಹಾಕಿದರು. ಕ್ಷೌರಿಕ ಓಟಿಸ್ ಗ್ರೇಡಿಯ ಅಂಗಡಿಯಲ್ಲಿ ಸದಾ ಟಿವಿ ಓಡುತ್ತಿದ್ದುದರಿಂದ, ಕೊಕ್ಕರೆಗಳಿಗೆ ಆಟವಿಲ್ಲದ ದಿನ ಮಾತ್ರ ಎಲ್ಮರನಿಗೆ ಕ್ಷೌರ. ಬೇಸಿಗೆಯಿಡೀ ಅವನ ಕೂದಲು ಕಾಲರ್ ದಾಟಿ ಬೆಳೆದಿರುತ್ತಿತ್ತು.

ಪಾಪ, ಅವನಿಗೆ ಬಾಳಿನಲ್ಲಿ ಇದ್ದುದು ಒಂದೇ ಆಸೆ. ಸಾಯುವುದರೊಳಗೆ ಒಂದೇ ಒಂದು ಸಲ, ಮೈದಾನದಲ್ಲಿ ಕೂತು, ಕಣ್ಣಾರೆ, ಕೊಕ್ಕರೆಗಳು ಗೆಲ್ಲುವುದನ್ನು ನೋಡಬೇಕು. ಹೆಂಡತಿ ಇರ್ಮಾಳ ಹತ್ತಿರ ಬಿಟ್ಟರೆ ಇದನ್ನು ಅವನು ಯಾರಲ್ಲೂ ಬಾಯಿಬಿಟ್ಟಿರಲಿಲ್ಲ.

ಬಾಗಿಲು ತೆಗೆದರೆ ಬರ್ನಡೆಟ್ ಹಿಂದೆ ಓಟಿಸ್ ಕೂಡ ನಿಂತಿದ್ದ. ಕೈಯಲ್ಲಿ ಟಿಕೆಟ್ ಇತ್ತು.

"ಎಲ್ಮರ್, ಕೋಟು ಹಾಕ್ಕೋ. ಮೈದಾನಕ್ಕೆ ಹೋಗೋಣ," ಎಂದ ಓಟಿಸ್.

ಎಲ್ಮರ್ ಅವನ ಮುಖ, ಇವಳ ಮುಖ ನೋಡಿದ. "ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲಾ ಹುಷಾರಾಗಿದೀವಿ ಕಣೋ. ಇವತ್ತು ಈ ವರ್ಷದ ಕೊನೇ ಆಟ. ಇವತ್ತು ನಾವು ಸೋಲ್ಬೇಕು. ಸೋಲಲೇಬೇಕು. ಅದಕ್ಕೆ ನೀನೇ ಬೇಕು."

ಇದೇನು ಹುಚ್ಚು ಎಂದು ನೀವು ಕೇಳಬಹುದು. ಹುಚ್ಚಲ್ಲ, ಲೆಕ್ಕಾಚಾರ. ಮೂರು ವರ್ಷದ ಹಿಂದೆ ತಂಡಕ್ಕೆ ಹೊಸ ಯಜಮಾನರು ಬಂದರು. ಬಂದವರೇ ಒಳ್ಳೆಯ ಆಟಗಾರರನ್ನೆಲ್ಲ ಬೇರೆ ಊರುಗಳಿಗೆ ಸಾಗಹಾಕಿ, ಬ್ಯಾಟಿನ ಯಾವ ತುದಿ ಹಿಡಿಯಬೇಕೆಂದು ಯೋಚಿಸುವಂಥವರನ್ನು ತಂದು ನಿಲ್ಲಿಸಿದರು. ಮೊದಲ ಆಯ್ಕೆ ಯಾರಿಗೆಂದು ಚೀಟಿ ಎತ್ತಿ ತೀರ್ಮಾನಿಸುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ದೇಶದ ಹೊಸ ಹುಡುಗರನ್ನು ತಂಡಗಳು ಹಂಚಿಕೊಳ್ಳುವಾಗ ಆ ವರ್ಷದ ಪಟ್ಟಿಯಲ್ಲಿ ಯಾರು ಕಟ್ಟಕಡೆಗೆ ನಿಂತಿರುತ್ತಾರೋ ಅವರಿಗೇ ಮೊದಲ ಆಯ್ಕೆ. ಅಂದಮೇಲೆ ಒಂದಷ್ಟು ವರ್ಷ ಬೇಕೆಂದೇ ಸೋತು, ಒಳ್ಳೊಳ್ಳೆಯ ಹುಡುಗರನ್ನು ಬಾಚಿಕೊಂಡು, ಹೊಸದಾಗಿ ತಂಡ ಕಟ್ಟುವುದು. ಮೈದಾನದ ಗೋಡೆಗೆ ಆಳೆತ್ತರದ ಫಲಕ ಹಾಕಿದ್ದರು: 'ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ.'

ಊರು ಸಹಕರಿಸಿತು. ಮೊದಲ ವರ್ಷ ಅತ್ತಿತು, ಎರಡನೇ ವರ್ಷ ಬಾಯಿಗೆ ಬಂದಂತೆ ಬೈಯಿತು, ಮೂರನೇ ವರ್ಷ ಸೋಲಿನ ರುಚಿ ಹತ್ತಿಸಿಕೊಂಡಿತು. ಈ ಸಲದ ಹುಡುಗರಲ್ಲಿ ಟೆಕ್ಸಾಸಿನವನೊಬ್ಬ ಇದ್ದ, ಅವನು ಎಸೆದ ಚೆಂಡು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ ಎಂದು ಸುದ್ದಿ. ಅವನು ಬೇಕೆಂದರೆ ಕೊಕ್ಕರೆಗಳು ಇವತ್ತು ಸೋಲಬೇಕು. ಗೆದ್ದರೆ ತಳದ ಜಾಗ ಪಶ್ಚಿಮದ ಇನ್ನೊಂದು ತಂಡಕ್ಕೆ, ಹುಡುಗನೂ ಅವರಿಗೇ.

"ಹಾಗಾದ್ರೆ ನನ್ನನ್ನ ಕರೀತಿರೋದು ಸೋಲಿಸೋಕೆ," ಎಂದ ಎಲ್ಮರ್. ದನಿ ಸಣ್ಣಗಾಗಿತ್ತು. "ನಾನು ಹುಟ್ಟಿದಾಗಿಂದ ಒಂದಿನಾನೂ ಅವರು ಸೋಲಲಿ ಅಂದ್ಕೊಂಡಿಲ್ಲ ಓಟಿಸ್."

"ನೀನು ಅಂದ್ಕೊಳ್ಳೋದೇ ಬೇಡ ಮಾರಾಯ. ಸುಮ್ನೆ ಕೂತು ನೋಡಿದ್ರೆ ಸಾಕು, ಮಿಕ್ಕಿದ್ದು ತಾನಾಗೇ ಆಗುತ್ತೆ."

ಬರ್ನಡೆಟ್ ಪೈಯನ್ನು ಅವನ ಕೈಗಿಟ್ಟಳು. "ಇವತ್ತು ಕೆಲಸ ಮಾಡಿಕೊಡು. ತಂಡ ಕಟ್ಟಿ ಮುಗಿದು, ಅವರು ಗೆಲ್ಲೋಕೆ ಶುರು ಮಾಡಿದ ದಿನ ನಿನ್ನ ಬಹಿಷ್ಕಾರ ರದ್ದು. ನಮ್ಮ ಪಕ್ಕದಲ್ಲೇ ಕೂತು ನೋಡುವೆಯಂತೆ. ನಮ್ಮಮ್ಮನ ಆಣೆ."

ಗೆಲ್ಲುವುದನ್ನು ನೋಡುವುದು. ಪಕ್ಕದಲ್ಲೇ ಕೂತು. ಎಲ್ಮರ್ ಕೋಟು ಹಾಕಿಕೊಂಡ.

ಮೈದಾನದ ಮೆಟ್ಟಿಲ ಸುರಂಗ ದಾಟಿ ಹೊರಬಂದಾಗ ಆ ಹಸಿರು ಒಮ್ಮೆಲೇ ಕಣ್ಣಿಗೆ ಬಿತ್ತು. ಎಲ್ಮರನ ಕಾಲುಗಳು ಅಲ್ಲೇ ನಿಂತವು. ಅಷ್ಟು ವರ್ಷವಾದಮೇಲೂ ಹುಲ್ಲು ಹಾಗೇ ಇತ್ತು. ಸುಣ್ಣದ ಗೆರೆಗಳು ಆಗತಾನೇ ಎಳೆದ ಹಾಗಿದ್ದವು. ಅವನ ಕಣ್ಣಲ್ಲಿ ನೀರೇ ಬಂತು. ಹಿಂದಿದ್ದವರು ಬೈದು ತಳ್ಳಿದಮೇಲೆ ಮುಂದೆ ನಡೆದ.

ಜನವೇನೋ ಸಾಕಷ್ಟು ಬಂದಿದ್ದರು, ಆದರೆ ಮುಖಗಳೇ ಇರಲಿಲ್ಲ. ಸೋಲುವ ತಂಡದ ಅಭಿಮಾನಿಗಳು ನಾಚಿಕೆಗೆ ಮುಖ ಮುಚ್ಚಿಕೊಳ್ಳುವ ಪದ್ಧತಿಯಂತೆ ಎಲ್ಲರೂ ದಿನಸಿಯ ಕಾಗದದ ಚೀಲಕ್ಕೆ ಕಣ್ಣಿನ ತೂತು ಕೊರೆದು ತಲೆಗೆ ಹಾಕಿಕೊಂಡಿದ್ದರು. ಎಲ್ಮರನೂ ಒಂದು ಹಾಕಿಕೊಳ್ಳಹೋದರೆ ಓಟಿಸ್ ಕಿತ್ತುಕೊಂಡ.

"ನಿನಗೆ ಬೇಡ. ನಿನ್ನ ದೃಷ್ಟಿ ನೇರ ತಾಗ್ಬೇಕು. ಕಣ್ಣು ಅಗಲಿಸಿ ಕೂತ್ಕೋ."

ಕೊಕ್ಕರೆಗಳ ಪರವಾಗಿ ಚೆಂಡೆಸೆಯಲು ಬಂದವನು ವೆಂಡೆಲ್ ಟ್ರಾಟ್. ನಲವತ್ತರ ಹತ್ತಿರದ ಮನುಷ್ಯ, ಗಡ್ಡ ನರೆತಿತ್ತು, ಮೊಣಕಾಲಿಗೆ ಪಟ್ಟಿ. ಬಾಳಿಡೀ ಸಣ್ಣ ಊರುಗಳ ಸಣ್ಣ ತಂಡಗಳಲ್ಲಿ ಎಸೆದು ಸವೆದವನನ್ನು ಆ ವಾರ ಹುಡುಕಿ ಕರೆಸಿದ್ದರು. ಅವನ ಚೆಂಡು ದಾರಿಯಲ್ಲಿ ನಾಲ್ಕು ಜನರ ಯೋಗಕ್ಷೇಮ ವಿಚಾರಿಸಿಕೊಂಡು ಬರುವಷ್ಟು ನಿಧಾನ.

"ಇವನನ್ನ ಹುಡುಕಿದವರಿಗೆ ಸನ್ಮಾನ ಮಾಡ್ಬೇಕು," ಎಂದಳು ಬರ್ನಡೆಟ್, ಚೀಲದೊಳಗಿಂದಲೇ.

ಆದರೆ ಎದುರಾಳಿಗಳಿಗೆ ಆ ನಿಧಾನವೇ ಬಗೆಹರಿಯಲಿಲ್ಲ. ಭಾರೀ ತೋಳಿನ ದಾಂಡಿಗರು ಚೆಂಡು ಬರುವ ಮೊದಲೇ ಬ್ಯಾಟು ಬೀಸಿ ತಮ್ಮ ಸುತ್ತ ತಾವೇ ತಿರುಗಿದರು. ಆಟಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಎರಡೂ ತಂಡಗಳಿಗೆ ಒಂದೊಂದು ಸರದಿ. ಮೊದಲ ಇನ್ನಿಂಗ್ಸ್ ಸೊನ್ನೆ, ಎರಡನೆಯದೂ ಸೊನ್ನೆ. ಇತ್ತ ನಮ್ಮ ಕೊಕ್ಕರೆಗಳು ಬ್ಯಾಟು ಹಿಡಿದು ಬಕಧ್ಯಾನ ಮಾಡಿ ವಾಪಸ್ಸು ಬರುತ್ತಿದ್ದವು. ಅದೂ ಸೊನ್ನೆ.

ಮೂರನೆಯದು ಮುಗಿಯುವಷ್ಟರಲ್ಲಿ ಓಟಿಸ್‌ನ ತಾಳ್ಮೆ ಕೆಟ್ಟಿತು. "ಏನೋ, ಕೆಲಸ ಮಾಡ್ತಿದೀಯೋ ಇಲ್ವೋ? ಎಲ್ಲಿ ನೋಡ್ತಿದೀಯ?"

"ಟ್ರಾಟ್‌ನನ್ನೇ ನೋಡ್ತಿದೀನಿ."

"ಪ್ರೀತಿಯಿಂದ ನೋಡ್ತಿದೀಯ. ನಾನು ಗಮನಿಸಿದೆ. ಮಾಮೂಲಾಗಿ ನೋಡು."

ಅವನ ಜಾಗ ಬದಲಾಯಿಸಿದರು. ಟೋಪಿ ತಿರುಗಿಸಿಟ್ಟರು. ಬರ್ನಡೆಟ್ ಅವನ ಗದ್ದ ಹಿಡಿದು ಎಸೆತಗಾರನ ಕಡೆಗೆ ನೆಟ್ಟಗೆ ನಿಲ್ಲಿಸಿದಳು. ಸುತ್ತ ಕೂತವರಿಗೂ ಇವನು ಇಂಥವನೆಂದು ಗೊತ್ತಾಗಿ, ಹಿಂದಿನ ಸಾಲಿನವರು ಬೆನ್ನು ತಟ್ಟಿ ಹುರಿದುಂಬಿಸಿದರು. "ನಿಮ್ಮ ಮೇಲೇ ಭಾರ ಹಾಕಿದೀವಿ ಸ್ವಾಮಿ," ಎಂದ ಒಬ್ಬ. ಅವನ ಜನ್ಮದಲ್ಲಿ ಯಾರೂ ಅವನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅದೂ ಇಂಥ ಕೆಲಸಕ್ಕೆ.

ನಾಲ್ಕು ಕಳೆಯಿತು, ಐದು ಕಳೆಯಿತು. ಆರನೆಯ ಇನ್ನಿಂಗ್ಸ್ ಹೊತ್ತಿಗೆ ಎಲ್ಮರ್ ಒಂದು ವಿಚಿತ್ರ ಗಮನಿಸಿದ. ಯಾರೂ ಮಾತಾಡುತ್ತಿರಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ತಲೆಯ ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಆಚೆ ಕಡೆ ಇನ್ನೊಬ್ಬಳು ತೆಗೆದಳು. ಅಂಕಪಟ್ಟಿಯಲ್ಲಿ ಎದುರಾಳಿಗಳ ಹೊಡೆತದ ಲೆಕ್ಕ ಎಂಬಲ್ಲಿ ಒಂದು ದೊಡ್ಡ ಸೊನ್ನೆ ಕೂತಿತ್ತು.

ಬೇಸ್‌ಬಾಲಿನಲ್ಲಿ ಒಂದು ಪವಾಡವಿದೆ. ಒಬ್ಬನೇ ಎಸೆತಗಾರ ಒಂಬತ್ತು ಇನ್ನಿಂಗ್ಸೂ ಎಸೆದು, ಎದುರಾಳಿಗೆ ಒಂದೇ ಒಂದು ನೆಟ್ಟಗಿನ ಹೊಡೆತ ಕೊಡದಿರುವುದು. ಬರ್ನಡೆಟ್‌ಳಂಥ ಹಳಬಳೂ ಈ ಮೈದಾನದಲ್ಲಿ ಅದನ್ನು ಕಂಡಿರಲಿಲ್ಲ. ಮತ್ತೆ ಅದಕ್ಕೊಂದು ಕಟ್ಟಳೆಯಿದೆ. ಅದು ನಡೆಯುತ್ತಿರುವಾಗ ಅದರ ಹೆಸರೆತ್ತಬಾರದು. ಎತ್ತಿದರೆ ಒಡೆದುಹೋಗುತ್ತದೆ. ಸ್ವಂತ ತಂಡದವರೂ ಆ ಎಸೆತಗಾರನ ಹತ್ತಿರ ಸುಳಿಯುವುದಿಲ್ಲ. ವೆಂಡೆಲ್ ಟ್ರಾಟ್ ಬೆಂಚಿನ ಒಂದು ಕೊನೆಗೆ ಒಬ್ಬನೇ ಕೂತಿದ್ದ. ಮಿಕ್ಕವರೆಲ್ಲ ಮಡಿಯಲ್ಲಿದ್ದವರನ್ನು ಮುಟ್ಟಲಂಜುವ ಹಾಗೆ ಇನ್ನೊಂದು ಕೊನೆಗೆ ಒತ್ತಿಕೊಂಡಿದ್ದರು.

ಏಳನೆಯದರಲ್ಲಿ ಎಲ್ಮರನಿಗೆ ಸೀನು ಬಂತು. ಅವನು ಸೀನಿದ ಗಳಿಗೆಗೇ ಎದುರಾಳಿಯೊಬ್ಬನ ಬ್ಯಾಟಿಗೆ ಚೆಂಡು ತಾಗಿ ದೂರ ಹಾರಿತು. ನಮ್ಮ ಕ್ಷೇತ್ರರಕ್ಷಕನೊಬ್ಬ ಗೋಡೆಗೆ ಡಿಕ್ಕಿ ಹೊಡೆದು, ಬಿದ್ದು, ಬಿದ್ದಲ್ಲಿಂದಲೇ ಚೆಂಡು ಹಿಡಿದ ಕೈಯೆತ್ತಿ ತೋರಿಸಿದ. ನಾಲ್ಕು ಸಾಲಿನ ಜನ ತಿರುಗಿ ಎಲ್ಮರನನ್ನು ನೋಡಿದರು. ಹುರಿದುಂಬಿಸುವ ನೋಟವಲ್ಲ ಅದು.

ಓಟಿಸ್‌ನ ಚೀಲ ಯಾವಾಗಲೋ ಮಾಯವಾಗಿತ್ತು. ಅವನು ಪಕ್ಕಕ್ಕೆ ಬಗ್ಗಿ ಕೇಳಿದ. "ಎಲ್ಮರ್, ಮನೇಲಿ ಒಲೆ ಆರಿಸಿ ಬಂದ್ಯಾ?"

"ಒಲೆ ಹಚ್ಚೇ ಇರ್ಲಿಲ್ಲ."

"ಅದೇ ಅಂತೀನಿ. ಯಾವುದಕ್ಕೂ ಒಂದ್ಸಲ ಹೋಗಿ ನೋಡ್ಕೊಂಡು ಬಂದ್ರೆ ಒಳ್ಳೇದು."

ಬರ್ನಡೆಟ್ ಅವನ ಮೊಣಕೈ ಮುಟ್ಟಿದಳು. "ಇರ್ಮಾಗೆ ಮೈ ಬಿಸಿಯಿತ್ತು ಅನ್ಸುತ್ತೆ ಕಣೋ."

"ಬೆಳಗ್ಗೆ ರೇಡಿಯೋ ಹಾಕ್ಕೊಂಡು ಕುಣೀತಿದ್ಲು."

"ಜ್ವರದ ಕುಣಿತ ಅದು. ನಿನಗೆ ಗೊತ್ತಾಗಲ್ಲ."

ಅಷ್ಟರಲ್ಲಿ ಕಡಲೆಕಾಯಿ ಮಾರುವವನು ಬಗ್ಗಿ ಪಿಸುಗುಟ್ಟಿದ. "ಸರ್, ಹೊರಗೆ ನಿಮ್ಮ ಕಾರಿನ ದೀಪ ಉರೀತಿದೆ."

"ನಾನು ಕಾರಲ್ಲಿ ಬಂದಿಲ್ಲ."

"ಹಾಗಾದ್ರೆ ಬೇರೆ ಯಾರದೋ ಇರ್ಬೇಕು. ನೀವೇ ಹೋಗಿ ಆರಿಸ್ಬಿಡಿ ಸರ್, ಪುಣ್ಯ ಬರುತ್ತೆ."

ಹೆಸರೆತ್ತುವ ಹಾಗಿಲ್ಲ, ಕಾರಣ ಹೇಳುವ ಹಾಗಿಲ್ಲ. ಆದರೂ ಎಲ್ಮರನಿಗೆ ಅರ್ಥವಾಗದೆ ಇರಲಿಲ್ಲ. ಅವನೇ ಆ ಭಯದಲ್ಲಿ ಬೆವೆತುಹೋಗಿದ್ದ. ಇಷ್ಟು ಹೊತ್ತು ತೆಪ್ಪಗಿದ್ದ ಕಾಲ್ಗುಣ ಕೊನೆಯಲ್ಲಿ ಎಲ್ಲ ಸೇರಿಸಿ ಕಕ್ಕಿದರೆ? ಎಂಟನೆಯದನ್ನೂ ಮುಗಿಸಿ ವೆಂಡೆಲ್ ಟ್ರಾಟ್ ಕುಂಟುತ್ತ ಬೆಂಚಿಗೆ ನಡೆದ. ಯಾರನ್ನೂ ನೋಡಲಿಲ್ಲ, ನೆಲ ನೋಡಿಕೊಂಡೇ ಹೋದ. ಬಾಳಿಡೀ ಯಾರೂ ಕರೆಯದ ಮನುಷ್ಯ. ಸೋಲಲೆಂದೇ ಕರೆಸಿಕೊಂಡವನು. ಎಲ್ಮರನಿಗೆ ಎದೆ ತುಂಬಿ ಬಂತು. ಇವನೂ ನನ್ನ ಹಾಗೇ ಬಂದವನು ಎನಿಸಿತು.

ಸುತ್ತಲೂ ಇದ್ದವರು ಬೆಳಗ್ಗೆ ಸೋಲು ಬೇಡಿಕೊಂಡು ಬಂದವರೇ. ಈಗ ಒಬ್ಬರ ತಲೆಯ ಮೇಲೂ ಚೀಲವಿರಲಿಲ್ಲ. ಮುಖಗಳೆಲ್ಲ ಬಯಲಾಗಿ, ಬಾಯಿ ತೆರೆದು, ದೇವರು ಮೈಮೇಲೆ ಬಂದವನನ್ನು ನೋಡುವ ಹಾಗೆ ಆ ಕುಂಟು ಮನುಷ್ಯನನ್ನು ನೋಡುತ್ತಿದ್ದವು. ಟೆಕ್ಸಾಸಿನ ಹುಡುಗನ ನೆನಪು ಯಾರಿಗೂ ಇದ್ದಂತಿರಲಿಲ್ಲ.

ಎಲ್ಮರ್ ಎದ್ದ. "ಒಲೆ ನೋಡ್ಕೊಂಡು ಬರ್ತೀನಿ," ಎಂದ.

ಇಡೀ ಸಾಲು ಎದ್ದು ನಿಂತು ದಾರಿ ಬಿಟ್ಟಿತು. ಮುಂದಿನ ಸಾಲಿನ ಮುದುಕರು ಟೋಪಿ ತೆಗೆದರು. ಓಟಿಸ್ ಅವನ ಕೈ ಗಟ್ಟಿಯಾಗಿ ಹಿಡಿದು ಬಿಟ್ಟ. ಬರ್ನಡೆಟ್ ಕಣ್ಣೊರೆಸಿಕೊಂಡು, "ದೊಡ್ಡ ಮನಸ್ಸು ಕಣೋ ನಿಂದು," ಎಂದಳು. ಎಲ್ಮರ್ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಅಲ್ಲೇ ಕೂತುಬಿಡುತ್ತೇನೆಂದು ಅವನಿಗೆ ಗೊತ್ತಿತ್ತು. ಗೇಟು ದಾಟಿದ ಮೇಲೆ ಫಲಕ ಕಂಡಿತು: 'ಹೊರಹೋದವರಿಗೆ ಮರುಪ್ರವೇಶವಿಲ್ಲ.'

ಮೈದಾನದ ಎಡಗೋಡೆಯ ಆಚೆಗಿನ ಬೀದಿ ಖಾಲಿ ಹೊಡೆಯುತ್ತಿತ್ತು. ಒಂದು ಬ್ರೆಡ್ ವ್ಯಾನು ನಿಂತಿತ್ತು, ಪಕ್ಕದಲ್ಲೊಂದು ದೀಪದ ಕಂಬ. ಅವನು ಕಂಬಕ್ಕೆ ಒರಗಿ ಕಿವಿಗೊಟ್ಟ. ಒಳಗೆ ಸಾವಿರಾರು ಜನ ಉಸಿರು ಬಿಗಿಹಿಡಿದರೆ ಗೋಡೆಯಾಚೆಗೂ ಅದು ಕೇಳಿಸುತ್ತದೆ ಎಂಬುದು ಅವತ್ತು ಅವನಿಗೆ ತಿಳಿಯಿತು. ಸರೋವರದ ಕಡೆಯಿಂದ ಹಕ್ಕಿಯೊಂದು ಕೂಗಿತು. ಮತ್ತೆ ಮೌನ. ಆಮೇಲೆ ಗೋಡೆಯೇ ನಡುಗುವಂಥ ಹೋ ಎಂಬ ಸದ್ದು ಎದ್ದಿತು. ಅದು ನಿಲ್ಲಲೇ ಇಲ್ಲ.

ವೆಂಡೆಲ್ ಟ್ರಾಟ್ ಒಂದೂ ಹೊಡೆತ ಕೊಡದೆ ಒಂಬತ್ತನೆಯದನ್ನೂ ಮುಗಿಸಿಬಿಟ್ಟಿದ್ದ. ಎಲ್ಮರ್ ಕಂಬವನ್ನೇ ತಬ್ಬಿಕೊಂಡು ಅತ್ತ.

ಪವಾಡವೇನೋ ಆಯಿತು, ಆಟ ಮುಗಿದಿರಲಿಲ್ಲ. ಎರಡೂ ಕಡೆ ಸೊನ್ನೆ. ಈಗ ಕೊಕ್ಕರೆಗಳು ಬ್ಯಾಟು ಹಿಡಿಯುವ ಸರದಿ. ಒಂದು ರನ್ ಬಂದರೆ ಗೆಲುವು. ಧ್ವನಿವರ್ಧಕ ಟೀಟೊ ಬರೆರಾನ ಹೆಸರು ಕೂಗಿತು. ಇಡೀ ವರ್ಷದಲ್ಲಿ ಒಮ್ಮೆಯೂ ಚೆಂಡನ್ನು ಗೋಡೆಯ ಹತ್ತಿರಕ್ಕೂ ಕಳಿಸದ ಪುಟ್ಟ ಆಸಾಮಿ, ಖಂಡಿತ ಕೆಡಿಸುತ್ತಾನೆಂದೇ ಆರಿಸಿ ಕಳಿಸಿರಬೇಕು.

ಟಕ್ ಎಂದಿತು. ಒಣ ಕಟ್ಟಿಗೆ ಸೀಳಿದಂಥ ಸದ್ದು. ಎಲ್ಮರ್ ತಲೆಯೆತ್ತಿದ.

ಗೋಡೆಯ ನೆತ್ತಿಯ ಮೇಲೆ, ಸಂಜೆಯ ಆಕಾಶದಲ್ಲಿ, ಬಿಳಿಯದೊಂದು ಚುಕ್ಕೆ ಕಾಣಿಸಿತು. ಅದು ಏರಿತು. ಇನ್ನೂ ಏರಿತು. ಒಂದು ಕ್ಷಣ ಅಲ್ಲೇ ನಿಂತು ಊರನ್ನೆಲ್ಲ ನೋಡಿಕೊಂಡಂತೆ ಮಾಡಿ, ನೇರ ಅವನ ಕಡೆಗೇ ಇಳಿಯತೊಡಗಿತು. ಚೆಂಡು ಬೀದಿಗೆ ಬಡಿದು ಪುಟಿದು, ವ್ಯಾನಿನ ಕೆಳಗೆ ಉರುಳಿತು. ಅವನು ಹೊಟ್ಟೆಯ ಮೇಲೆ ತೆವಳಿ ಹೋಗಿ ಅದನ್ನು ಹಿಡಿದ. ಚರ್ಮ ಇನ್ನೂ ಬೆಚ್ಚಗಿತ್ತು. ಹೊರಬಂದಾಗ ಕೋಟಿನ ತುಂಬ ಎಣ್ಣೆ ಮಸಿ, ಮುಖದ ತುಂಬ ನಗು. ಕೊಕ್ಕರೆಗಳು ಗೆದ್ದಿದ್ದವು. ಅವನ ಕೈಯಲ್ಲೇ ಇತ್ತು ಗೆಲುವು. ಕಂಡದ್ದು ಮಾತ್ರ ಗೋಡೆಯ ಹಿಂಬದಿ.

ಜನ ಹೊರಗೆ ನುಗ್ಗಿದರು. ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಂಡರು. ಓಟಿಸ್ ಬಂದವನೇ ಎಲ್ಮರನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಬರ್ನಡೆಟ್ ಮಸಿ ಹತ್ತಿದ ಕೆನ್ನೆಗೇ ಮುತ್ತಿಟ್ಟಳು. "ಇನ್ನು ಕಣ್ಣು ಮುಚ್ಚಿದ್ರೂ ಚಿಂತೆಯಿಲ್ಲ," ಎಂದಳು.

ಈ ಪರಮಾನಂದ ಓಟಿಸ್ ಒಂದು ಸಿಗರೇಟು ಸೇದಿ ಮುಗಿಸುವ ತನಕ ಇತ್ತು. ತುಂಡನ್ನು ತುಳಿದು ಆರಿಸುತ್ತಿದ್ದಾಗ ಅವನ ಮುಖ ಜೋಲುಬಿತ್ತು. "ನಾವು ಗೆದ್ಬಿಟ್ವಲ್ಲ," ಎಂದ.

"ಅಯ್ಯೋ, ಟೆಕ್ಸಾಸಿನ ಹುಡುಗ," ಎಂದಳು ಬರ್ನಡೆಟ್.

ಇಬ್ಬರೂ ನಿಧಾನವಾಗಿ ಎಲ್ಮರನ ಕಡೆ ತಿರುಗಿದರು.

"ನೀವೇ ತಾನೇ ಹೋಗು ಅಂದಿದ್ದು," ಎಂದ ಎಲ್ಮರ್, ಚೆಂಡನ್ನು ಎದೆಗೊತ್ತಿಕೊಂಡು.

"ಹೋಗು ಅಂದಿದ್ದು ಅದು ಮುಗಿಯೋ ತನಕ. ಆಮೇಲೆ ಒಳಗೆ ಬಂದು ಕೂತಿದ್ರೆ ಟೀಟೊ ಹೊಡೀತಿದ್ನಾ?"

"ಮರುಪ್ರವೇಶ ಇಲ್ಲ ಓಟಿಸ್. ಬೋರ್ಡ್ ಹಾಕಿದಾರೆ."

"ಗೋಡೆ ಹತ್ಬೇಕಿತ್ತು ಮಾರಾಯ. ಸ್ವಲ್ಪ ಇಣುಕಿದ್ರೂ ಸಾಕಿತ್ತು. ನಿನ್ನ ಯೋಗ್ಯತೆಗೆ ಅಷ್ಟು ಸಾಲ್ದಾ?"

ಜಗಳ ಬಿಸಿಯೇರುತ್ತಿದ್ದಾಗ ಕೋಟಿನ ಮೇಲೆ ಕೊಕ್ಕರೆಯ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಯುವಕನೊಬ್ಬ ಜನರನ್ನು ಸರಿಸಿಕೊಂಡು ಬಂದ. ತಂಡದ ಆಡಳಿತದವನು, ಹೆಸರು ಪ್ರೆಸ್ಟನ್ ಹೇಲ್. ಸೋಲುವ ಯೋಜನೆಯ ಲೆಕ್ಕಗಳೆಲ್ಲ ಇವನ ತಲೆಯಿಂದಲೇ ಬಂದವೆಂದು ಊರು ಮಾತಾಡಿಕೊಳ್ಳುತ್ತಿತ್ತು. ಅತ್ತು ಅತ್ತು ಅವನ ಕಣ್ಣು ಕೆಂಪಾಗಿತ್ತು. ಟೀಟೊ ಹೊಡೆದ ಚೆಂಡು ತಂಡದ ವಸ್ತುಸಂಗ್ರಹಕ್ಕೆ ಬೇಕೆಂದು ಕೇಳಲು ಬಂದಿದ್ದ. ಆದರೆ ಓಟಿಸ್‌ನ ಬೈಗುಳ ಕಿವಿಗೆ ಬಿದ್ದು ಅಲ್ಲೇ ನಿಂತ.

"ಒಂದ್ನಿಮಿಷ. ಇವರು ಒಳಗಿದ್ರೆ ಸೋಲ್ತೀವಾ? ಹೊರಗೆ ಹೋದ ತಕ್ಷಣ ಗೆದ್ವಾ?" ಎಂದು ಕೇಳಿದ.

"ಹುಟ್ಟಿದಾಗಿಂದ," ಎಂದಳು ಬರ್ನಡೆಟ್.

"ಸರ್, ನೀವು ಮೈದಾನದಲ್ಲಿ ಕೂತು ನೋಡಿದ ಯಾವುದಾದ್ರೂ ಆಟ ಗೆದ್ದಿದೀವಾ?"

"ಒಂದೂ ಇಲ್ಲ," ಎಂದ ಎಲ್ಮರ್. ತಪ್ಪೊಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿದ.

ಪ್ರೆಸ್ಟನ್ ಹೇಲ್ ವ್ಯಾನಿಗೆ ಒರಗಿದ. "ಮೂರು ವರ್ಷ ಕಂಪ್ಯೂಟರ್ ಮುಂದೆ ಕೂತು ಕಣ್ಣು ಹಾಳು ಮಾಡ್ಕೊಂಡೆ," ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಎಲ್ಮರನ ಭುಜದ ಮೇಲೆ ಕೈಯಿಟ್ಟ. "ಸರ್, ಮುಂದಿನ ವರ್ಷದಿಂದ ನಮ್ಮ ಮೈದಾನದ ಪ್ರತಿಯೊಂದು ಆಟಕ್ಕೂ ನೀವು ಬರ್ಬೇಕು. ಆಟಗಾರರ ಬೆಂಚಿನ ಹಿಂದೆ, ಮೊದಲ ಸಾಲಲ್ಲಿ, ನಿಮ್ಮ ಹೆಸರು ಬರೆದ ಕುರ್ಚಿ. ಕಡಲೆಕಾಯಿ ನಮ್ದು. ಒಂದೇ ಷರತ್ತು, ಆಟ ಮುಗಿಯೋ ತನಕ ಏಳಬಾರದು."

ಮೊದಲ ಸಾಲು. ಆ ಹುಲ್ಲು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಪ್ರತಿಯೊಂದು ಆಟ. "ಎಷ್ಟು ದಿನ?" ಎಂದು ಎಲ್ಮರ್ ಕೇಳಿದ.

"ತಂಡ ಕಟ್ಟಿ ಮುಗಿಯೋ ತನಕ. ಇವತ್ತಿನ ಗೆಲುವಿನಿಂದ ಕಾಮಗಾರಿ ಸ್ವಲ್ಪ ಹಿಂದೆ ಬಿತ್ತು. ಇನ್ನು ನಾಲ್ಕು ವರ್ಷ ಅಂತಿಟ್ಕೊಳ್ಳಿ."

"ಆಮೇಲೆ? ಗೆಲ್ಲೋಕೆ ಶುರು ಮಾಡಿದ್ಮೇಲೆ?"

ಪ್ರೆಸ್ಟನ್ ಹೇಲ್ ಅವನ ಕೈಯಿಂದ ಚೆಂಡನ್ನು ಮೆಲ್ಲಗೆ ಬಿಡಿಸಿಕೊಂಡ. "ಆಮೇಲೆ, ಸರ್, ದಯವಿಟ್ಟು ಮನೇಲೇ ಇರ್ಬೇಕು. ತಪ್ಪು ತಿಳೀಬೇಡಿ."

ಎಲ್ಮರ್ ಬರ್ನಡೆಟ್‌ಳ ಕಡೆ ನೋಡಿದ. ಅಮ್ಮನ ಆಣೆ ಹಾಕಿದವಳು ಅವಳೇ ತಾನೇ. ಅವಳು ಎಲ್ಮರನ ಕೋಟಿನ ಮಸಿಯನ್ನು ಕೈವಸ್ತ್ರದಿಂದ ಅಕ್ಕರೆಯಿಂದ ಒರೆಸುತ್ತ, ಪ್ರೆಸ್ಟನ್ ಹೇಲ್‌ಗೆ ಹೇಳಿದಳು:

"ನೀವು ಚಿಂತೆ ಮಾಡ್ಬೇಡಿ. ಪರದೆ ಜವಾಬ್ದಾರಿ ನಂದು."